ವಿಮಾನದ ಕೆನ್ನೆಗೆ ಇಟ್ಟ ಚುಕ್ಕೆ

ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಯಾರಾದರೂ ಈಗಲೂ ನನ್ನನ್ನು ನೆನೆಸಿಕೊಂಡರೆ, 'ಅಮ್ಮನವರ ಬೊಟ್ಟು ಒರೆಸಿದ ಕನ್ನಡದ ಇಂಜಿನಿಯರ್' ಎಂದೇ ನೆನೆಸಿಕೊಳ್ಳುತ್ತಾರೆ. ನಾನು ಒರೆಸಲಿಲ್ಲ. ಒರೆಸಿದವರು ಬೇರೆ. ಅವರು ಒರೆಸಿದ್ದರಿಂದಲೇ ಅಷ್ಟೆಲ್ಲ ಆಯಿತು. ಇದನ್ನು ಆಗಲೇ ಬಾಯಿಬಿಟ್ಟು ಹೇಳಿದೆ, ಕೂಗಿ ಹೇಳಿದೆ. ಮೈಕಿನ ಮುಂದೆ ನಿಂತವರ ಮಾತು ಊರಿಗೆ ಕೇಳಿಸಿತು, ವಿಮಾನದ ಹೊಟ್ಟೆಯ ಕೆಳಗೆ ಮಂಡಿಯೂರಿ ಕೂತವನ ಮಾತು ಯಾರಿಗೂ ಕೇಳಿಸಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಖಾಸಗಿಯವರೂ ವಿಮಾನ ಹಾರಿಸಬಹುದು ಎಂದು ಸರ್ಕಾರ ಬಾಗಿಲು ತೆರೆದ ಹೊಸತು. ಬಸ್ಸು, ಲಾಡ್ಜು ನಡೆಸುತ್ತಿದ್ದ ಗವರ್ನರ್‌ಪೇಟೆಯ ಒಬ್ಬ ಧಣಿಗೆ ರಜೆಯಲ್ಲಿ ಪ್ರವಾಸ ಹೋಗುವವರಿಗಾಗಿಯೇ ಒಂದು ವಿಮಾನ ಕಂಪನಿ ಮಾಡಬೇಕೆಂಬ ಆಸೆ ಹುಟ್ಟಿತು. ಬೆಳಿಗ್ಗೆ ಊರಾಚೆಯ ಗನ್ನವರಂ ನಿಲ್ದಾಣದಲ್ಲಿ ಹತ್ತಿದರೆ ಒಂದು ಗಂಟೆಯಲ್ಲಿ ವಿಶಾಖಪಟ್ಟಣ. ಅಲ್ಲಿ ಸಮುದ್ರ, ಸಿಂಹಾಚಲ, ಮರುದಿನ ಅರಕು ಕಣಿವೆ, ಊಟ ವಸತಿ ಎಲ್ಲ ಟಿಕೆಟ್ಟಿನಲ್ಲೇ. ಹೊಸ ಮದುವೆಯ ಜೋಡಿಗಳು, ಎಲ್‌ಟಿಸಿ ಎಂಬ ಪ್ರವಾಸಭತ್ಯೆ ಸಿಗುವ ಬ್ಯಾಂಕಿನವರು, ಅಂಗಡಿಗೆ ಬೀಗ ಹಾಕಿ ವರ್ಷಕ್ಕೊಮ್ಮೆ ಹೊರಡುವ ವ್ಯಾಪಾರಿಗಳು ಬರುತ್ತಾರೆ ಎಂದು ಅವರ ಲೆಕ್ಕ. ಹದಿನೆಂಟು ಸೀಟಿನ, ಎರಡು ಪ್ರೊಪೆಲ್ಲರಿನ ವಿಮಾನ ಬಾಡಿಗೆಗೆ ಬಂತು. ಅದನ್ನು ನೋಡಿಕೊಳ್ಳಲು ಬೆಂಗಳೂರಿನ ಸರ್ಕಾರಿ ಕಾರ್ಖಾನೆಯ ಭದ್ರ ನೌಕರಿ ಬಿಟ್ಟು ನಾನು ಬಂದೆ. ಆ ಜಾತಿಯ ವಿಮಾನಕ್ಕೆ ಲೈಸೆನ್ಸ್ ಇದ್ದವನು ಇಡೀ ಕಂಪನಿಯಲ್ಲಿ ನಾನೊಬ್ಬನೇ. 'ಇದು ಹಾರಬಹುದು' ಎಂದು ನಾನು ಸಹಿ ಹಾಕದ ಹೊರತು ಅದು ನೆಲ ಬಿಡುವಂತಿರಲಿಲ್ಲ.

ಮೊದಲ ಹಾರಾಟ ವಿಜಯದಶಮಿಯ ಬೆಳಿಗ್ಗೆ ಎಂದು ಧಣಿಗಳು ಗೊತ್ತುಮಾಡಿದರು. ಹಿಂದಿನ ದಿನ ಆಯುಧಪೂಜೆ. ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಬುಡದಲ್ಲಿರುವ ಊರಿನಲ್ಲಿ ದಸರೆಯ ಹೊತ್ತು ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಬೊಟ್ಟಿಲ್ಲದ ಗಾಲಿ ಕಾಣಸಿಗುವುದಿಲ್ಲ. ನಾನೂ ಧಾರವಾಡದ ಕಡೆಯವನು. ನಮ್ಮಲ್ಲಿಯೂ ಖಂಡೇಪೂಜೆಯ ದಿನ ಸ್ಪ್ಯಾನರು, ಸುತ್ತಿಗೆಗಳಿಗೆ ವಿಭೂತಿ ಹಚ್ಚಿ ಹೂ ಏರಿಸುತ್ತೇವೆ. ಪೂಜೆ ಬೇಡ ಎನ್ನುವ ಮಾತು ನನ್ನ ಬಾಯಿಂದ ಬರುವಂತೆಯೇ ಇರಲಿಲ್ಲ. ಎಲ್ಲಿ, ಹೇಗೆ ಎಂಬುದಷ್ಟೇ ನನ್ನ ಚಿಂತೆ.

ಲಾಡ್ಜಿನ ಮಹಡಿಯ ಮೇಲಿನ ಆಫೀಸಿನಲ್ಲಿ ಧಣಿಗಳ ಎದುರು ಕೂತು ನನ್ನ ಷರತ್ತುಗಳನ್ನು ಹೇಳಿದೆ. ತೆಂಗಿನಕಾಯಿ, ಕುಂಬಳಕಾಯಿ ಒಡೆಯುವುದು ಬೇಲಿಯ ಹತ್ತಿರ. ಚೂರು ಉಳಿದರೆ ಪ್ರೊಪೆಲ್ಲರು ಎತ್ತಿ ಮೈಗೆ ಬಡಿದುಕೊಳ್ಳುತ್ತದೆ. ಗಾಲಿಯಡಿ ನಿಂಬೆಹಣ್ಣು ಇಟ್ಟರೆ ಹೊರಳಿಸಿದ ಮೇಲೆ ಸಿಪ್ಪೆಯನ್ನೂ ಬಿಡದೆ ಗುಡಿಸಬೇಕು. ರೆಕ್ಕೆಯಲ್ಲಿ ಇಂಧನವಿದೆ, ಕರ್ಪೂರ ದೂರ. ಬೊಟ್ಟು ಮೂತಿಯ ನಟ್ಟನಡುವೆ ಒಂದೇ ಒಂದು, ಅದೂ ಒಣ ಕುಂಕುಮ. ಮೈಮೇಲೆ ಮತ್ತೆಲ್ಲೂ ಕೈ ಇಡಕೂಡದು.

"ಏಮಂಡೀ ಇಂಜಿನಿಯರ್ ಗಾರೂ, ನನ್ನ ಬಸ್ಸುಗಳಿಗೆ ಬಾನೆಟ್ಟಿನಿಂದ ಹಿಂದಿನ ಏಣಿಯವರೆಗೆ ಅರಿಶಿನ ಬಳಿಯುತ್ತಾರೆ. ಒಂದಾದರೂ ಕೆಟ್ಟು ನಿಂತಿದೆಯೇ?" ಎಂದು ಧಣಿಗಳು ನಕ್ಕರು.

"ಬಸ್ಸು ಕೆಟ್ಟರೆ ರಸ್ತೆ ಬದಿಗೆ ನಿಲ್ಲಿಸಬಹುದು ಸರ್" ಎಂದೆ.

ಅವರು ನಗುವುದನ್ನು ನಿಲ್ಲಿಸಿ ಒಪ್ಪಿಕೊಂಡರು. ಪಕ್ಕದಲ್ಲಿದ್ದ ಮ್ಯಾನೇಜರನಿಗೆ "ಅವರು ಹೇಳಿದಂತೆಯೇ ಆಗಲಿ" ಎಂದರು. ಮ್ಯಾನೇಜರ್ ಬಿಕಾಂ ಓದಿದವನು, ಟಿಕೆಟ್ಟು, ಜಾಹೀರಾತು, ಸಮಾರಂಭ ಎಲ್ಲ ಅವನದೇ ಜವಾಬ್ದಾರಿ. ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ವಿಮಾನದ ಮೂತಿಯಿಂದ ಸ್ವಲ್ಪ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಬಣ್ಣ ಹಚ್ಚದ ಗುಂಡನೆಯ ಲೋಹದ ಬಿಲ್ಲೆ ಇರುತ್ತದೆ. ಅದರಲ್ಲಿ ಸೂಜಿ ತೂರುವಷ್ಟು ಸಣ್ಣ ತೂತುಗಳು. ಹೊರಗಿನ ಗಾಳಿಯ ಒತ್ತಡ ಆ ತೂತುಗಳಿಂದ ತೆಳು ಕೊಳವೆಗಳಲ್ಲಿ ಹಾದು ಪೈಲಟ್ಟನ ಮುಂದಿರುವ ಮೀಟರುಗಳಿಗೆ ಹೋಗುತ್ತದೆ. ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಎತ್ತರ ತೋರಿಸುವ ಮುಳ್ಳು ಏರುತ್ತದೆ. ವೇಗ ತೋರಿಸುವ ಮೀಟರಿಗೂ ಇದೇ ಗಾಳಿ ಬೇಕು. ತೂತು ಮುಚ್ಚಿದರೆ ವಿಮಾನ ಮೋಡದೊಳಗಿದ್ದರೂ ಮುಳ್ಳು ಗನ್ನವರಂನ ನೆಲದಲ್ಲೇ ಕೂತಿರುತ್ತದೆ. ಪೈಲಟ್ಟು ಅದನ್ನು ನಂಬುತ್ತಾನೆ, ನಂಬದೆ ಅವನಿಗೆ ಬೇರೆ ಗತಿಯಿಲ್ಲ. ನಿಂತಾಗ ಹುಳುಹುಪ್ಪಟೆ, ಧೂಳು ಹೋಗದಿರಲೆಂದು ಆ ಬಿಲ್ಲೆಗೆ ರಬ್ಬರಿನ ಬಿರಡೆ ಒತ್ತಿರುತ್ತೇವೆ. ಮರೆತು ಹಾರಬಾರದೆಂದು ಬಿರಡೆಗೆ ಉದ್ದನೆಯ ಕೆಂಪು ಪಟ್ಟಿ ನೇತುಬಿಟ್ಟಿರುತ್ತೇವೆ. ಬಿಲ್ಲೆಯ ಸುತ್ತ ಕೆಂಪು ಬಣ್ಣದ ವೃತ್ತ ಬರೆದು, ಇದನ್ನು ಮುಚ್ಚಬೇಡಿ, ಚೊಕ್ಕಟವಾಗಿಡಿ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ.

ಆಯುಧಪೂಜೆಯ ಮಧ್ಯಾಹ್ನ ಎಲ್ಲವೂ ಷರತ್ತಿನಂತೆಯೇ ಶುರುವಾಯಿತು. ಪುರೋಹಿತರು ವಯಸ್ಸಾದವರು, ನಾನು ತೋರಿಸಿದ ಜಾಗಕ್ಕಷ್ಟೇ ಕುಂಕುಮ ಇಟ್ಟರು. ಕಾಯಿ ಬೇಲಿಯ ಹತ್ತಿರ ಒಡೆಯಿತು. ಅಷ್ಟರಲ್ಲಿ ಇಂಧನದ ಬ್ಯಾರೆಲ್ಲುಗಳನ್ನು ಹೊತ್ತ ಲಾರಿ ಬಂತು. ಬ್ಯಾರೆಲ್ಲಿನ ತಳದಲ್ಲಿ ನೀರು ಸೇರಿದೆಯೇ ಎಂದು ಒಂದೊಂದನ್ನೂ ಪರೀಕ್ಷಿಸದೆ ಇಳಿಸಿಕೊಳ್ಳುವಂತಿರಲಿಲ್ಲ. ಕೋಲಿನ ತುದಿಗೆ ಮುಲಾಮಿನಂಥದೊಂದನ್ನು ಸವರಿ ಅದ್ದಿ, ಬಣ್ಣ ತಿರುಗಿತೋ ಇಲ್ಲವೋ ನೋಡಬೇಕು. ಅದು ನನ್ನದೇ ಕೆಲಸ. ಕೊಂಡಪಲ್ಲಿಯ ನನ್ನ ಟೆಕ್ನಿಷಿಯನ್ನಿಗೆ "ವಿಮಾನ ಬಿಟ್ಟು ಅಲುಗಾಡಬೇಡ" ಎಂದು ಹೇಳಿ ಶೆಡ್ಡಿನ ಹಿಂದಕ್ಕೆ ಹೋದೆ. ನಾನು ಆ ಕಡೆ ತಿರುಗಿದ್ದೇ ತಡ, ಮ್ಯಾನೇಜರ್ ಅವನನ್ನು ಹೆಂಗಸರಿಗೆ ಕುರ್ಚಿ ತರಲು ಓಡಿಸಿದ.

ನಾನು ಮರಳಿದಾಗ ಜನ ಪ್ರಸಾದ ತಿಂದು ಚದುರಿದ್ದರು. ವಿಮಾನ ತೊಳೆದು ಹೊಳೆಯುತ್ತಿತ್ತು. ಕೆಂಪು ಪಟ್ಟಿಗಳು ತಮ್ಮ ತಮ್ಮ ಜಾಗದಲ್ಲಿ ತೂಗುತ್ತಿದ್ದವು. ಮ್ಯಾನೇಜರ್ ನಿಂತು, "ನಾಳೆಗೆ ಚೆನ್ನಾಗಿ ಕಾಣಲಿ ಅಂತ ನೀರು ಹಾಕಿಸಿದೆ ಸರ್" ಎಂದ. ಮೂತಿಯ ಬೊಟ್ಟನ್ನು ನಾನೇ ಒರೆಸಬೇಕಿತ್ತು, ಆ ಕೆಲಸವೂ ತಪ್ಪಿತು ಅಂದುಕೊಂಡು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಗನ್ನವರಂನಲ್ಲಿ ಶಾಮಿಯಾನ ಎದ್ದಿತ್ತು. ನಾದಸ್ವರದವರು ಬಂದಿದ್ದರು. ಪ್ರಯಾಣಿಕರು ರೇಷ್ಮೆ ಸೀರೆ, ಹೊಸ ಅಂಗಿಗಳಲ್ಲಿ ಕೂತಿದ್ದರು. ನಮ್ಮ ಮನೆಯ ಮಹಡಿಯ ಮೇಲೆಯೇ ಬಾಡಿಗೆಗಿದ್ದ ಗದಗಿನ ಕಡೆಯ ಬ್ಯಾಂಕ್ ಅಧಿಕಾರಿ ಹೆಂಡತಿ, ಮಗಳ ಜತೆ ಮುಂದಿನ ಸಾಲಿನಲ್ಲೇ ಇದ್ದರು. ನನ್ನನ್ನು ನೋಡಿ ಕೈಯೆತ್ತಿದರು. ನಾನು ವಿಮಾನವನ್ನು ಸುತ್ತಿ ನೋಡುತ್ತ ಬಂದೆ. ಟಯರು, ಪ್ರೊಪೆಲ್ಲರು, ಎಣ್ಣೆ. ಎಡಬದಿಯ ಬಿರಡೆಯನ್ನು ಎಳೆದೆ. ಅದರ ತುದಿ ಹಳದಿಯಾಗಿತ್ತು.

ಒಂದು ಕ್ಷಣ ಅದೇನೆಂದೇ ಹೊಳೆಯಲಿಲ್ಲ. ಮೂಗಿನ ಹತ್ತಿರ ಹಿಡಿದೆ. ಅರಿಶಿನ. ಓಡಿಹೋಗಿ ಬಲಬದಿಯದನ್ನು ಎಳೆದೆ. ಅದೂ ಹಳದಿ, ಮೇಲೊಂದಿಷ್ಟು ಕುಂಕುಮದ ಕೆಂಪು. ಬ್ಯಾಟರಿ ಹಾಕಿ ನೋಡಿದರೆ ತೂತುಗಳು ಕಾಣಲೇ ಇಲ್ಲ. ಬಿಲ್ಲೆಯ ಹೊರಮೈ ಮಾತ್ರ ಕನ್ನಡಿಯಂತೆ ಒರೆಸಿ ಇಟ್ಟಿದ್ದರು.

ಟೆಕ್ನಿಷಿಯನ್ನನನ್ನು ಕರೆದು, "ಇಲ್ಲಿ ಏನಾಯಿತು?" ಎಂದು ಕೇಳುತ್ತಿದ್ದೆ. ದೂರದಲ್ಲಿದ್ದ ಮ್ಯಾನೇಜರ್ ತಾನಾಗಿಯೇ ಬಂದು "ನಾನು ಚೆನ್ನಾಗಿ ತೊಳೆಸಿದ್ದೇನೆ ಸರ್, ಏನೂ ಉಳಿದಿಲ್ಲ" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಹಿಡಿದು ನಿಲ್ಲಿಸಿ ಕೇಳಿದ ಮೇಲೆ ಒಂದೊಂದೇ ಹೊರಬಂತು.

ಫೋಟೋದವನಿಗೆ ಕೆಂಪು ಪಟ್ಟಿಗಳು ಹಿಡಿಸಲಿಲ್ಲವಂತೆ, ಚಿಂದಿ ಕಟ್ಟಿದ ಹಾಗೆ ಕಾಣುತ್ತದೆಂದು ಬಿರಡೆ ಸಮೇತ ಕೀಳಿಸಿದ. ಕೀಳಿಸಿದ ಮೇಲೆ ಮೂತಿಯ ಎರಡು ಬದಿಗೂ ಹೊಳೆಯುವ ಬಿಲ್ಲೆಗಳು ಹೆಂಗಸರ ಕಣ್ಣಿಗೆ ಬಿದ್ದವು. ತೆಲುಗರ ಮದುವೆಯಲ್ಲಿ ದೃಷ್ಟಿಯಾಗದಿರಲೆಂದು ಮದುಮಗಳ ಕೆನ್ನೆಗೆ ಚುಕ್ಕೆ ಇಡುವ ಪದ್ಧತಿಯಿದೆ, ಬುಗ್ಗನ ಚುಕ್ಕ ಎನ್ನುತ್ತಾರೆ. ಹೊಸ ವಿಮಾನ ಮನೆಗೆ ಬಂದ ಮದುಮಗಳು. ಅದಕ್ಕೆ ಎರಡು ಕೆನ್ನೆ, ಕೆನ್ನೆಯ ಮೇಲೆ ಕೆಂಪು ಗೆರೆ ಸುತ್ತಿದ ಗುಂಡನೆಯ ಜಾಗ, ಚುಕ್ಕೆಗೆಂದೇ ಮಾಡಿಟ್ಟ ಹಾಗೆ! ಧಣಿಗಳ ಮನೆಯವರು ಮೊದಲು, ಆಮೇಲೆ ಸರದಿಯಂತೆ ಉಳಿದವರು, ಕಲಸಿದ ಅರಿಶಿನವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಇಟ್ಟರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿಸಿಕೊಂಡಿದ್ದವನು, ಆ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವನು, ಪಕ್ಕದಲ್ಲೇ ನಿಂತು ಅರಿಶಿನದ ಬಟ್ಟಲು ಹಿಡಿದಿದ್ದ. ನಾನು ಬೈಯುತ್ತೇನೆಂಬ ಭಯಕ್ಕೆ ಆಮೇಲೆ ಪೈಪಿನಿಂದ ನೀರು ಹೊಡೆಸಿದ. ಹೊರಗಿದ್ದ ಅರಿಶಿನ ಕರಗಿ ಒಳಗೆ ಹೋಯಿತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಕೊನೆಗೆ ಬಿರಡೆ ಒತ್ತಿ ಉಳಿದದ್ದನ್ನೂ ಒಳಗೆ ತುರುಕಿದ.

ವಿಮಾನ ಹಾರಿಸಬೇಕಿದ್ದ ಕ್ಯಾಪ್ಟನ್ ವಾಯುಪಡೆಯಿಂದ ನಿವೃತ್ತರಾದವರು, ಒಳ್ಳೆಯ ಮನುಷ್ಯ. ಆದರೆ ಅವರಿಗೂ ಮೊದಲ ಹಾರಾಟದ ಹಂಬಲವಿತ್ತು. "ಬಿಲ್ಲೆ ಮುಚ್ಚಿದರೆ ಒಳಗಿನ ಗಾಳಿ ತೆಗೆದುಕೊಳ್ಳುವ ಇನ್ನೊಂದು ದಾರಿ ಇದೆಯಲ್ಲ. ಅದಕ್ಕೆ ತಿರುಗಿಸಿಕೊಂಡು ಹೋಗುತ್ತೇನೆ. ಆಕಾಶ ತಿಳಿಯಾಗಿದೆ" ಎಂದರು.

"ಆ ದಾರಿ ಆಕಾಶದಲ್ಲಿ ಆಪತ್ತು ಬಂದರೆ ಇರಲಿ ಅಂತ ಇಟ್ಟದ್ದು ಸರ್, ನೆಲದಲ್ಲೇ ಗೊತ್ತಿದ್ದ ತಪ್ಪನ್ನು ಹೊತ್ತುಕೊಂಡು ಹೋಗಲಿಕ್ಕಲ್ಲ. ಇಲ್ಲಿ ತಿಳಿಯಾಗಿದೆ. ವಿಶಾಖಪಟ್ಟಣದಲ್ಲಿ ಸಮುದ್ರದ ಮೇಲಿನ ಮಬ್ಬು, ಸುತ್ತ ಗುಡ್ಡ. ಕೊಳವೆಯಲ್ಲಿ ನೀರು ಎಲ್ಲಿಯವರೆಗೆ ಹೋಗಿದೆಯೋ ಯಾರಿಗೆ ಗೊತ್ತು?"

"ನೀರು ಹೋಗಿದೆ ಅಂತ ನಿಮ್ಮ ಊಹೆ."

ಕೊಳವೆಗಳ ತೀರ ತಗ್ಗಿನ ಜಾಗದಲ್ಲಿ, ನೀರು ಸೇರಿದರೆ ಬಸಿಯಲೆಂದು ಒಂದು ಪುಟ್ಟ ತಿರುಪು ಇರುತ್ತದೆ. ಕ್ಯಾಪ್ಟನ್ನರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಅವರ ಕಣ್ಣೆದುರಿಗೇ ತಿರುಪು ತೆಗೆದು ಅಂಗೈ ಒಡ್ಡಿದೆ. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ಹನಿ ಬಿತ್ತು, ಹಿಂದೆಯೇ ನಾಲ್ಕಾರು. ಹಳದಿ ನೀರು. ಕ್ಯಾಪ್ಟನ್ ನನ್ನ ಅಂಗೈಯನ್ನು ನೋಡಿದರು, ತಮ್ಮ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

ಧಣಿಗಳು ಬಂದರು. ಶಾಸಕರೊಬ್ಬರು ಹಸಿರು ಬಾವುಟ ತೋರಿಸಲು ಕಾಯುತ್ತಿದ್ದರು, ಮುಹೂರ್ತ ಮೀರುತ್ತಿತ್ತು. ನಾನು ಅಂಗೈ ತೋರಿಸಿದೆ, ವಿವರಿಸಿದೆ. ಈ ಕೊಳವೆ, ಆ ಮೀಟರು, ಒತ್ತಡ ಎಂದೆಲ್ಲ ಹೇಳಿದೆ. ಅವರ ಮುಖ ನಿಧಾನವಾಗಿ ಗಂಟಿಕ್ಕಿತು.

"ಅಂದರೆ ಅಮ್ಮನ ಬೊಟ್ಟಿನಿಂದ ವಿಮಾನ ಬೀಳುತ್ತದೆ ಅನ್ನುತ್ತೀರಾ?"

"ಬೊಟ್ಟಿನಿಂದಲ್ಲ ಸರ್. ಇಡಬಾರದ ಕಡೆ ಇಟ್ಟದ್ದರಿಂದ."

"ಹಬ್ಬದ ದಿನ, ಈ ಜನರ ಮುಂದೆ, ನನಗೆ ಈ ಮಾತು ಹೇಳುತ್ತೀರಿ. ನೀವು ಸಹಿ ಹಾಕಿ. ಉಳಿದದ್ದನ್ನು ಅಮ್ಮ ಚೂಸುಕುಂಟುಂದಿ."

ಅಮ್ಮ ನೋಡಿಕೊಳ್ಳುತ್ತಾಳೆ! ಹದಿನೆಂಟು ಜನರನ್ನು ಕೂರಿಸಿ, ಕಣ್ಣು ಕಟ್ಟಿದ ವಿಮಾನವನ್ನು ಗುಡ್ಡಗಳ ನಡುವೆ ಕಳಿಸಿ, ಆಮೇಲೆ ಅಮ್ಮನ ಮೇಲೆ ಹಾಕುವುದು. "ಹಾಕುವುದಿಲ್ಲ" ಎಂದೆ.

"ಹಾಗಾದರೆ ನಾಳೆಯಿಂದ ಬರಬೇಡಿ" ಎಂದರು ಧಣಿಗಳು. ಎಂದವರೇ ಶಾಮಿಯಾನಕ್ಕೆ ಹೋಗಿ ಮೈಕು ಹಿಡಿದು, "ಅಮ್ಮವಾರಿ ಬೊಟ್ಟಿನ ಬಗ್ಗೆ ನಮ್ಮ ಇಂಜಿನಿಯರ್ ಗಾರಿಗೆ ಏನೋ ಅಭ್ಯಂತರವಂತೆ. ಸ್ವಲ್ಪ ತಡವಾಗುತ್ತದೆ, ಮನ್ನಿಸಬೇಕು" ಎಂದು ಕೈಮುಗಿದರು. ಎಷ್ಟು ವಿನಯ! ಒಂದು ಸುಳ್ಳೂ ಇಲ್ಲದ ಸುಳ್ಳು. ಜನ ಎದ್ದು ನಿಂತರು. ನಾದಸ್ವರ ನಿಂತಿತು. ಯಾರೋ "ಯಾವ ಧರ್ಮದವನಯ್ಯಾ ಅವನು?" ಎಂದು ಕೂಗಿದರು.

ನಮ್ಮ ಬ್ಯಾಂಕ್ ಅಧಿಕಾರಿ ಹಗ್ಗ ದಾಟಿ ನನ್ನ ಹತ್ತಿರ ಬಂದರು. "ಏನ್ರೀ ಸಾಹೇಬ್ರ, ನಮ್ಮ ಕಡಿಯವರು ಅಂತ ಅಭಿಮಾನದ್ಲೆ ಟಿಕೆಟ್ ತಗಸೇನಿ. ಎಲ್‌ಟಿಸಿ ಈ ಸರ್ತಿ ತಗೊಳ್ಳಲಿಲ್ಲಂದ್ರ ಹೋತ. ರಜಾ ಹಾಕೇನಿ, ಮಂದಿಗೆಲ್ಲಾ ಹೇಳೇನಿ. ಒಂದು ಸಹಿ ಹಾಕಲಿಕ್ಕೆ ನಿಮಗೇನು ಧಾಡಿ?"

"ನಿಮ್ಮ ಮಗಳು ಕೂಡತಾಳ್ರೀ ಇದರಾಗ" ಎಂದೆ. "ಅದಕ್ಕ ಹಾಕವಲ್ಲೆ."

"ಮಗಳ ಹೆಸರು ಯಾಕ ತಗೀತೀರಿ? ಅಪಶಕುನ ನುಡೀಬ್ಯಾಡ್ರಿ!" ಎಂದು ಅವರು ಇನ್ನಷ್ಟು ಕೆರಳಿದರು. ಮಗಳು ತಾಯಿಯ ಸೆರಗು ಹಿಡಿದು ನನ್ನನ್ನೇ ನೋಡುತ್ತಿದ್ದಳು. ವಿಜಯವಾಡದಲ್ಲೇ ಬೆಳೆದವಳು, ಅವಳ ನಾಲಗೆಗೆ ತೆಲುಗೇ ಹತ್ತಿರ. "ಬೊಟ್ಟು ಎಂದುಕು ತುಡಿಚೇಶಾರು ಅಂಕುಲ್?" ಎಂದು ಕೇಳಿದಳು. ಬೊಟ್ಟು ಯಾಕೆ ಒರೆಸಿದಿರಿ ಅಂಕಲ್, ಅಂತ. ಅಷ್ಟರಲ್ಲಾಗಲೇ ಆ ಮಾತು ಹುಟ್ಟಿ, ನಡೆದು, ಮಗುವಿನ ಬಾಯಿಗೂ ಬಂದಿತ್ತು.

ಆಗ ನನಗೆ ಇನ್ನೊಂದು ಕಾಣಿಸಿತು. ಮ್ಯಾನೇಜರ್ ಟೆಲಿಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ. ವಿಶಾಖಪಟ್ಟಣಕ್ಕೆ ಬೇರೆ ಕಂಪನಿಯ ಕೆಲಸಕ್ಕೆಂದು ಬಂದಿದ್ದ ಒಬ್ಬ ಇಂಜಿನಿಯರನಿಗೆ ಈ ವಿಮಾನದ ಲೈಸೆನ್ಸ್ ಇತ್ತು. ಅವನನ್ನು ಕಾರಿನಲ್ಲಿ ಕರೆಸಿ, ಸಂಜೆಗಾದರೂ ಸಹಿ ಹಾಕಿಸಿಬಿಡುವ ಯೋಚನೆ. ಬರುವವನಿಗೆ ಏನು ಕಾಣುತ್ತದೆ? ಫಳಫಳ ಹೊಳೆಯುವ ಬಿಲ್ಲೆ. ತೂತಿನ ಬಾಯಿಯನ್ನು ಅಷ್ಟರಲ್ಲಿ ಯಾರಾದರೂ ಸೂಜಿಯಿಂದ ಕೆದಕಿಟ್ಟಿರುತ್ತಾರೆ. ಕೊಳವೆಯೊಳಗಿನ ನೀರು ಹೊರಗೆ ಕಾಣುವುದಿಲ್ಲ. ನನ್ನನ್ನು ಕೆಲಸದಿಂದ ತೆಗೆದರೆ ನನ್ನ ಮಾತೂ ಹೋಯಿತು. ನಾನು ಸಹಿ ಹಾಕದಿರುವುದರಿಂದ ನನ್ನ ಕೈ ಚೊಕ್ಕಟವಾಗಿ ಉಳಿಯುತ್ತದೆ, ಅಷ್ಟೆ. ವಿಮಾನ ಹಾರಿಯೇ ಹಾರುತ್ತದೆ.

'ನಾಳೆಯಿಂದ ಬರಬೇಡಿ' ಎಂದಿದ್ದರು. ಇವತ್ತು ಇನ್ನೂ ನನ್ನದೇ. ಟೆಕ್ನಿಷಿಯನ್ನನನ್ನು ಕರೆದು "ಪೆಟ್ಟಿಗೆ ತಗೊಂಡು ಬಾ" ಎಂದೆ. ಕಾಕ್‌ಪಿಟ್ಟಿಗೆ ಹತ್ತಿ, ಮೀಟರುಗಳ ಫಲಕ ಸಡಿಲಿಸಿ, ಹಿಂದಿನ ಕೊಳವೆಗಳ ನಟ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ. ಇದು ಹಠವಲ್ಲ. ಕೊಳವೆ ಶುದ್ಧಮಾಡುವ ಕೆಲಸದ ಮೊದಲ ಹೆಜ್ಜೆಯೇ ಇದು. ಮೀಟರುಗಳನ್ನು ಬೇರ್ಪಡಿಸದೆ ಗಾಳಿ ಊದಿದರೆ ಅವು ಒಡೆದುಹೋಗುತ್ತವೆ. ಆದರೆ ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಜೋಡಿಸಿ, ಎಲ್ಲೂ ಸೋರುತ್ತಿಲ್ಲವೆಂದು ಪರೀಕ್ಷೆಯ ಯಂತ್ರ ಹಚ್ಚಿ ನೋಡದೆ ಯಾವ ಇಂಜಿನಿಯರನೂ, ಎಷ್ಟೇ ಧೈರ್ಯದವನಾಗಲಿ, ಸಹಿ ಹಾಕಲಾರ. ಆ ಯಂತ್ರ ಹೈದರಾಬಾದಿನಲ್ಲಿತ್ತು.

ಕ್ಯಾಪ್ಟನ್ ಬಾಗಿಲಲ್ಲಿ ನಿಂತು ನೋಡಿದರು. ತಡೆಯುತ್ತಾರೇನೋ ಅಂದುಕೊಂಡೆ. "ಟಾರ್ಚ್ ಹಿಡೀಲಾ?" ಎಂದರು.

ಕೊನೆಯ ನಟ್ಟು ಬಿಚ್ಚುವ ಹೊತ್ತಿಗೆ ಧಣಿಗಳು ಏಣಿ ಹತ್ತಿ ಬಂದರು. ಮೀಟರುಗಳು ಕೊಳವೆ ಕಳಚಿಕೊಂಡು ಜೋತಾಡುತ್ತಿದ್ದವು. ಬಸ್ಸು ನಡೆಸಿದವರು, ಬಿಚ್ಚಿದ ಯಂತ್ರವೆಂದರೆ ಏನೆಂದು ಅವರಿಗೆ ವಿವರಿಸಬೇಕಾಗಿರಲಿಲ್ಲ. ಕೆಳಗಿಳಿದು ಹೋಗಿ ಪ್ರಯಾಣಿಕರಿಗೆ ತಮ್ಮದೇ ಬಸ್ಸು ತರಿಸಿ ಊರಿಗೆ ಕಳಿಸಿದರು.

ನಾನು ಮನೆಗೆ ಬರುವ ಮೊದಲೇ ಸುದ್ದಿ ಬಂದು ಕೂತಿತ್ತು. ದಿನಾ ಬೆಳಿಗ್ಗೆ ಹೂ ಕೊಡುತ್ತಿದ್ದ ಮನೆಯೊಡತಿ ಮರುದಿನ ಬಾಗಿಲು ಮುಂದೆ ಮಾಡಿಕೊಂಡರು. ಮಹಡಿಯ ಬ್ಯಾಂಕಿನವರು ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತ ಇಳಿದರು. ದಸರೆಯಲ್ಲಿ ನಮ್ಮ ಕಡೆಯ ನಾಲ್ಕು ಮನೆಯವರು ಸೇರಿ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಎನ್ನುವ ವಾಡಿಕೆಯಿತ್ತು. ಆ ವರ್ಷ ನಮ್ಮ ಮನೆಗೆ ಒಂದು ಎಲೆಯೂ ಬರಲಿಲ್ಲ. ಹೆಂಡತಿ ಅಡಿಗೆಮನೆಯಿಂದಲೇ ಕೇಳಿದಳು: "ಖರೇ ಹೇಳ್ರಿ, ನೀವು ಕುಂಕುಮ ಒರಸಿದ್ರೇನು?"

ಅದನ್ನು ಅವಳೂ ಕೇಳಿದಳಲ್ಲ ಎಂದು ನನಗೆ ಅಳುವೇ ಬಂತು. ಕೊಳವೆ, ಒತ್ತಡ, ಮೀಟರು ಎಂದು ಮತ್ತೆ ಶುರುಮಾಡಿದೆ. ಕೇಳಿಸಿಕೊಂಡು, ಸೌಟು ಕೆಳಗಿಟ್ಟು ಬಂದಳು. "ಹಂಗಂದ್ರ ಅದು ಅದರ ಮೂಗು. ಮದುಮಗಳ ಮೂಗಿನ್ಯಾಗ ಅರಿಶಿಣಾ ತುರುಕಿ, ಕೆನ್ನಿಗಿ ಹಚ್ಚೇವಿ ಅಂದ್ರ ಅಕಿ ಉಸಿರಾಡೋದು ಹ್ಯಾಂಗ? ಇಷ್ಟು ಹೇಳಲಿಕ್ಕೆ ಆಗಲಿಲ್ಲೇನು ನಿಮಗ? ಒತ್ತಡ ಅಂತ ಒತ್ತಡ!" ಎಂದಳು. ಆ ಸಂಜೆಯೇ ಮನೆಯೊಡತಿಯ ಬಾಗಿಲು ತಟ್ಟಿ, ತನ್ನ ಅರೆಬರೆ ತೆಲುಗಿನಲ್ಲಿ, ಮೂಗು ಹಿಡಿದು ತೋರಿಸಿ ಹೇಳಿ ಬಂದಳು. ಮರುದಿನ ಹೂ ಬಂತು. ಊರಿನ ಉಳಿದ ಬಾಗಿಲುಗಳನ್ನು ತಟ್ಟುವುದು ಅವಳಿಂದ ಆಗುವ ಕೆಲಸವಲ್ಲ.

'ಬರಬೇಡಿ' ಎಂದವರೇ ಬರಲು ಹೇಳಿಕಳಿಸಿದರು. ವಿಶಾಖಪಟ್ಟಣದ ಆ ಇಂಜಿನಿಯರ್ ಇನ್ನೊಬ್ಬ ಬಿಚ್ಚಿದ್ದನ್ನು ತಾನು ಜೋಡಿಸಲಾರೆ ಎಂದುಬಿಟ್ಟಿದ್ದನಂತೆ. ಪರೀಕ್ಷೆಯ ಯಂತ್ರವನ್ನು ಟೆಕ್ನಿಷಿಯನ್ ರೈಲಿನಲ್ಲಿ ತಂದ. ಕೆಲಸ ಮಾಡುವಾಗ ಧಣಿಗಳೂ ಮ್ಯಾನೇಜರನೂ ಇರಲೇಬೇಕೆಂದು ನಾನು ಹಠ ಹಿಡಿದೆ. ಬಿಲ್ಲೆಯ ಕೆಳಗೆ ಬಿಳಿಯ ಪಂಚೆ ಹಾಸಿದೆ. ಒಳಗಿನ ತುದಿಯಿಂದ ಒಣ ಸಾರಜನಕವನ್ನು ಮೆಲ್ಲನೆ ಬಿಟ್ಟೆವು. ಮೊದಲು ಏನೂ ಇಲ್ಲ, ಕೊಳವೆ ಅಷ್ಟು ಕಟ್ಟಿಕೊಂಡಿತ್ತು. ಒತ್ತಡ ಚೂರು ಏರಿಸಿದಾಗ ಸೀನಿದ ಹಾಗೆ ಸದ್ದಾಗಿ ಹಳದಿ ನೀರು ಚಿಮ್ಮಿತು. ಅದರ ಜತೆಗೆ ಗಟ್ಟಿಯಾದ ಅರಿಶಿನದ ಕಣಗಳು ಪಂಚೆಯ ತುಂಬ ಸಿಡಿದವು. ಬಲಬದಿಯಿಂದ ಅಕ್ಕಿನುಚ್ಚಿನ ಒಂದು ಚೂರೂ ಬಂತು, ಅಕ್ಷತೆಯದು.

ನಾನು ಪಂಚೆ ಎತ್ತಿ ಧಣಿಗಳ ಮುಂದೆ ಹಿಡಿದೆ. ಈಗಲಾದರೂ ತಪ್ಪಾಯಿತೆನ್ನುತ್ತಾರೆ, ಮೈಕಿನಲ್ಲಿ ಹೇಳಿದ್ದನ್ನು ಮೈಕಿನಲ್ಲೇ ಹಿಂತೆಗೆದುಕೊಳ್ಳುತ್ತಾರೆ ಎಂದು ಕಾದೆ. ಅವರು ಚಪ್ಪಲಿ ಬಿಟ್ಟರು. ಬೆರಳಿನಿಂದ ಆ ಹಳದಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

"ನೋಡಿದಿರಾ? ಅಮ್ಮ ಒಳಗೇ ಕೂತಿದ್ದಳು. ಆ ದಿನ ಹಾರುವುದು ಅವಳಿಗೆ ಇಷ್ಟವಿರಲಿಲ್ಲ. ಅದಕ್ಕೇ ತಡೆದಳು" ಎಂದರು. ಮ್ಯಾನೇಜರ್ ತಲೆಯಾಡಿಸಿದ.

ಬೈಸಿಕೊಳ್ಳಲು ನಾನು, ತಡೆದ ಪುಣ್ಯಕ್ಕೆ ಅಮ್ಮ. ಒಳಗೆ ಹೋಗಿ ಕೊಳವೆ ಜೋಡಿಸಿದೆ. ಯಂತ್ರ ಹಚ್ಚಿ ಗಾಳಿ ಹೀರಿದೆವು. ಎತ್ತರದ ಮುಳ್ಳು ಸಾವಿರ ಅಡಿ ಏರಿತು, ಏರಿದಲ್ಲೇ ನಿಂತಿತು, ಎಲ್ಲೂ ಸೋರಿಕೆಯಿಲ್ಲ. ಎರಡು ಸಲ ನೋಡಿದೆ. ಸಹಿ ಹಾಕಿದೆ.

ಹಾರಿದ ದಿನ ನಾನೂ ಹೋದೆ. ಸಹಿ ಹಾಕಿದವನು ಅದರಲ್ಲೇ ಕೂರಬೇಕು ಎಂಬುದು ನನ್ನ ಪದ್ಧತಿ. ಕಾಕ್‌ಪಿಟ್ಟಿನ ಪರದೆ ಸರಿಸಿ, ಮುಳ್ಳು ಏರುವುದನ್ನು ನೋಡುತ್ತ ಕೂತೆ. ಪಕ್ಕದ ಸೀಟಿನಲ್ಲಿ ನಮ್ಮ ಬ್ಯಾಂಕ್ ಅಧಿಕಾರಿ. ಸಮುದ್ರ ಕಂಡಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಜೇಬಿನಿಂದ ಗುಡಿಯ ಕುಂಕುಮದ ಪೊಟ್ಟಣ ತೆಗೆದು, "ಹಚ್ಚಿಕೊಳ್ತೀರೋ, ಇದನ್ನೂ ಒರಸ್ತೀರೋ?" ಎಂದರು. ನಗುತ್ತಲೇ ಅಂದರು, ಆದರೆ ಚುಚ್ಚಲೆಂದೇ ಅಂದರು. ನಾನು ಒಂದು ಚಿಟಿಕೆ ತೆಗೆದು ಹಣೆಗೆ ಇಟ್ಟುಕೊಂಡೆ. "ಹಚ್ಚೋ ಜಾಗಾ ಇದ ನೋಡ್ರಿ" ಎಂದೆ.

ನೀರಿನ ಮೇಲೆ ಮಬ್ಬು ಕವಿದಿತ್ತು. ಗುಡ್ಡಗಳು ಹತ್ತಿರ ಬಂದ ಮೇಲಷ್ಟೇ ಕಂಡವು. ಕ್ಯಾಪ್ಟನ್ ಮೀಟರು ನೋಡುತ್ತ ನೋಡುತ್ತ ಇಳಿಸಿದರು. ಇಳಿದ ಮೇಲೆ ಒಮ್ಮೆ ತಿರುಗಿ ನನ್ನನ್ನು ನೋಡಿದರು. ಆ ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಮರ್ಯಾದೆ ಅದೊಂದೇ.

ವಿಶಾಖಪಟ್ಟಣದಲ್ಲಿ ಹಾರ, ತುರಾಯಿ. ಧಣಿಗಳು ಪತ್ರಿಕೆಯವರಿಗೆ ಅಮ್ಮನ ಮಹಿಮೆ ಹೇಳುತ್ತಿದ್ದರು. ನಾನು ಕೆಳಗಿಳಿದು ಬಿಲ್ಲೆಗಳಿಗೆ ಬಿರಡೆ ಒತ್ತಿದೆ, ಕೆಂಪು ಪಟ್ಟಿಗಳನ್ನು ಇಳಿಬಿಟ್ಟೆ. ಎಲ್ಲರನ್ನೂ ವಿಮಾನದ ಮುಂದೆ ಸಾಲಾಗಿ ನಿಲ್ಲಿಸಿದರು. ಅಲ್ಲಿಯ ಫೋಟೋದವನು ಕ್ಯಾಮೆರಾದಿಂದ ತಲೆಯೆತ್ತಿ ನನ್ನನ್ನು ಕರೆದ.

"ಸಾರ್, ಕೊಂಚೆಂ ಆ ಎರ್ರ ಗುಡ್ಡಲು ತೀಸೇಯಂಡಿ. ಫೋಟೋಲೋ ಬಾಗೋದು."

ಆ ಕೆಂಪು ಬಟ್ಟೆಗಳನ್ನು ಸ್ವಲ್ಪ ತೆಗೆಯಿರಿ, ಫೋಟೋದಲ್ಲಿ ಚೆನ್ನಾಗಿರುವುದಿಲ್ಲ! ಧಣಿಗಳು ಕೇಳಿಸಿಕೊಂಡರು. ಮ್ಯಾನೇಜರ್ ಕೇಳಿಸಿಕೊಂಡ. ಒಬ್ಬರೂ ಬೇಡ ಎನ್ನಲಿಲ್ಲ. ಮ್ಯಾನೇಜರನ ಕೈ ಆಗಲೇ ಪಟ್ಟಿಯ ಕಡೆ ಹೋಗುತ್ತಿತ್ತು. ನಾನು ಆ ಕೈ ತಳ್ಳಿ, ಬಿಲ್ಲೆಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. "ತೆಗಿ ಫೋಟೋ" ಎಂದೆ.

ಆ ಫೋಟೋವನ್ನು ದೊಡ್ಡದು ಮಾಡಿಸಿ ಗವರ್ನರ್‌ಪೇಟೆಯ ಆಫೀಸಿನಲ್ಲಿ ಹಾಕಿದ್ದರು. ಕಂಪನಿ ಕೆಲವು ವರ್ಷ ಹಾರಿ ಮುಚ್ಚಿಹೋಯಿತು, ಫೋಟೋ ಮಾತ್ರ ಲಾಡ್ಜಿನ ಕೌಂಟರಿನ ಮೇಲೆ ಉಳಿಯಿತು. ಅದರಲ್ಲಿ ಎಲ್ಲರೂ ಹಲ್ಲು ಬಿಟ್ಟು ನಗುತ್ತಿದ್ದಾರೆ. ಹಣೆಯ ಮೇಲೆ ಕುಂಕುಮವಿಟ್ಟುಕೊಂಡು, ಮುಖ ಗಂಟಿಕ್ಕಿಕೊಂಡು, ಒಂದು ಕಡೆ ವಿಮಾನಕ್ಕೆ ಅಂಟಿ ನಿಂತವನು ನಾನು. ಯಾರು ಇವನು ಎಂದು ಯಾರಾದರೂ ಕೇಳಿದರೆ, ಅಮ್ಮನ ಬೊಟ್ಟು ಒರೆಸಿದವನು ಎನ್ನುತ್ತಾರೆ. ನನ್ನ ಬೆನ್ನ ಹಿಂದೆ ಏನಿದೆ ಎಂದು ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ.